ಕಾರವಾರದ ದೋಣಿ, ಹುಬ್ಬಳ್ಳಿಯ ಬಿಸಿಲು: ಫೈಬರ್ ಒಡಲಿನೊಳಗಿನ ನೀರು ತೆಗೆದ ಕೆಲಸ

ದೋಣಿ ಕಾರವಾರದಲ್ಲೇ ಬಿರಡೆ ತೆಗೆಸಿಕೊಂಡು, ಒಳಗಿನ ನೀರು ಸುರಿಸಿಕೊಂಡು ಬಂದಿತ್ತು. ಆದರೂ ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಫೈಬರ್ ಕೆಲಸದ ಶೆಡ್ಡಿನ ಪಕ್ಕದ ಉಳ್ಳಾಗಡ್ಡಿ ವ್ಯಾಪಾರಿಯ ಕಾಟಾ ಮೇಲೆ ಇಟ್ಟಾಗ 74 ಕೆಜಿ ತೋರಿಸಿತು. ಇದು ಲೇಸರ್ ಅನ್ನುವ ಜಾತಿಯ ಹಾಯಿದೋಣಿ. ಉದ್ದ ಸುಮಾರು 4.2 ಮೀಟರ್, ನಡೆಸುವವರು ಒಬ್ಬರೇ. ಹಾಯಿ, ಕಂಬ, ಚುಕ್ಕಾಣಿ ಎಲ್ಲ ಬಿಚ್ಚಿದ ಮೇಲೆ ಬರೀ ಒಡಲು ಸುಮಾರು 59 ಕೆಜಿ ಇರಬೇಕು. ಹಳೇ ರಿಪೇರಿಗಳ ತೂಕ ಒಂದೆರಡು ಕೆಜಿ ಅಂತ ಬಿಟ್ಟರೂ ಹತ್ತು ಲೀಟರ್‌ಗಿಂತ ಜಾಸ್ತಿ ನೀರು ಇನ್ನೂ ಒಳಗೆ ಎಲ್ಲೋ ಕೂತಿದೆ. ಬಿರಡೆಯಿಂದ ಇಳಿಯದ ನೀರು ಅದು. ಅದನ್ನು ಹುಡುಕಿ ಹೊರಗೆ ತರಬೇಕು, ಮತ್ತೆ ಒಳಗೆ ಹೋಗದಂತೆ ಮಾಡಬೇಕು.

ನಮ್ಮ ಕಡೆ ಈ ದೋಣಿ ನೋಡಿದವರು ಕಡಿಮೆ. ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ್ದು. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ನೇತ್ರಾ ಕುಮನನ್ ಮತ್ತು ವಿಷ್ಣು ಸರವಣನ್ ಹಾಯಿ ಬಿಟ್ಟಿದ್ದು ಇದೇ ಜಾತಿಯ ದೋಣಿಗಳಲ್ಲಿ. ಕೆಳಗಿನ ಒಡಲು ಒಂದು ಅಚ್ಚಿನಲ್ಲಿ, ಮೇಲಿನ ಡೆಕ್ ಇನ್ನೊಂದು ಅಚ್ಚಿನಲ್ಲಿ ತಯಾರಾಗುತ್ತದೆ. ಎರಡನ್ನೂ ಅಂಚಿನಲ್ಲಿ ಅಂಟಿಸುತ್ತಾರೆ. ನಡುವೆ ಟೊಳ್ಳು, ಅದೇ ದೋಣಿಯನ್ನು ತೇಲಿಸುವುದು. ಡೆಕ್ ಮಾತ್ರ ಎರಡು ತೆಳು ಫೈಬರ್ ಪದರಗಳ ನಡುವೆ ಫೋಮ್ ಇಟ್ಟು ಮಾಡಿದ್ದು. ತೂಕ ಕಡಿಮೆ, ಗಟ್ಟಿತನ ಜಾಸ್ತಿ. ಆದರೆ ಆ ಫೋಮ್ ಪಕ್ಕಕ್ಕೆ ನೀರು ಒಮ್ಮೆ ಸೇರಿತೋ, ಹೊರಗೆ ಬರುವ ದಾರಿ ಅದಕ್ಕೆ ತಾನಾಗಿ ಸಿಗುವುದಿಲ್ಲ.

ಕಾರವಾರದವರು ಇಷ್ಟು ದೂರ ಯಾಕೆ ತಂದರು ಅಂತ ಶೆಡ್ಡಿಗೆ ಬಂದವರೆಲ್ಲ ಕೇಳಿದರು. ಫೈಬರ್ ಕೆಲಸ ಮಾಡುವವರು ಕರಾವಳಿಯಲ್ಲೂ ಇದ್ದಾರೆ, ನಮಗಿಂತ ಚೆನ್ನಾಗಿ ದೋಣಿ ಬಲ್ಲವರು. ಅಲ್ಲಿ ಇಲ್ಲದ್ದು ಒಣ ಗಾಳಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಮಧ್ಯಾಹ್ನದ ಗಾಳಿ ತುಟಿ ಒಡೆಸುವಷ್ಟು ಒಣಗಿರುತ್ತದೆ. ಕಡಲ ದಂಡೆಯಲ್ಲಿ ಅದೇ ಹೊತ್ತಿಗೆ ಬಟ್ಟೆ ಒಣಗುವುದೂ ತಡ. ಹಾಗಾಗಿ ಜನವರಿ ಮುಗಿಯುವಾಗ ತನ್ನಿ, ಮೇ ತಿಂಗಳ ಮಳೆಗೆ ಮೊದಲು ಮುಗಿಸಿ ಕೊಡುತ್ತೇನೆ ಅಂತ ನಾನೇ ಹೇಳಿದ್ದೆ.

ಫೋನಿನಲ್ಲಿ ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದೆ: ಘಾಟ್ ಹತ್ತುವ ಮುಂಚೆ ಬಿರಡೆ ತೆಗೆದಿರಬೇಕು. ಅಂಕೋಲಾ ದಾಟಿ ಅರಬೈಲ್ ಘಾಟ್ ಏರಿ, ಯಲ್ಲಾಪುರ, ಕಲಘಟಗಿ ಮೇಲೆ ಹುಬ್ಬಳ್ಳಿಗೆ ಬಂದರೆ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಮೇಲೆ ಬಂದ ಹಾಗೆ. ಇಷ್ಟು ಎತ್ತರಕ್ಕೆ ಹೊರಗಿನ ಗಾಳಿಯ ಒತ್ತಡ ಸುಮಾರು ನೂರಕ್ಕೆ 7ರಷ್ಟು ಇಳಿಯುತ್ತದೆ. ಒಡಲೊಳಗೆ ಮುಚ್ಚಿಹೋದ ಗಾಳಿ ಮಾತ್ರ ಕಾರವಾರದ ಒತ್ತಡದಲ್ಲೇ ಇರುತ್ತದೆ. ವ್ಯತ್ಯಾಸ ಸುಮಾರು 1 ಪಿಎಸ್‌ಐ. ಟೈರಿಗೆ 30 ಪಿಎಸ್‌ಐ ಹೊಡೆಸುವ ನಮಗೆ ಒಂದು ಅಂದರೆ ಏನೂ ಅಲ್ಲ ಅನಿಸಬಹುದು. ಆದರೆ 1 ಪಿಎಸ್‌ಐ ಅಂದರೆ ಪ್ರತಿ ಚದರ ಮೀಟರ್‌ಗೆ ಸುಮಾರು 700 ಕೆಜಿ ಒತ್ತು. ಈ ಡೆಕ್‌ನ ಅಗಲ ಉದ್ದ ಲೆಕ್ಕ ಹಾಕಿದರೆ ಎರಡು ಟನ್ನಿಗೂ ಮಿಕ್ಕಿದ ಒತ್ತು ಒಳಗಿನಿಂದ ಡೆಕ್ ಎತ್ತುತ್ತಿರುತ್ತದೆ. ಅಂಚಿನ ಅಂಟು ಹಳೆಯದಾಗಿದ್ದರೆ ದಾರಿಯಲ್ಲೇ ಬಿಟ್ಟುಕೊಳ್ಳುತ್ತದೆ.

ನೀರು ಒಳಗೆ ಬರುವುದಕ್ಕೂ ಇದೇ ಕಾರಣ. ದಂಡೆಯ ಮೇಲೆ ಬಿಸಿಲಿಗೆ ಬಿದ್ದ ದೋಣಿಯ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಸಂದಿಗೊಂದಿಯಿಂದ ಹೊರಗೆ ಹೋಗುತ್ತದೆ. ಆಮೇಲೆ ದೋಣಿಯನ್ನು ತಣ್ಣನೆ ನೀರಿಗೆ ಇಳಿಸುತ್ತಾರೆ. ಒಳಗಾಳಿ ಕುಗ್ಗುತ್ತದೆ, ಅದೇ ಸಂದಿಗಳಿಂದ ನೀರನ್ನು ಎಳೆದುಕೊಳ್ಳುತ್ತದೆ. ಇದು ಆಗದಿರಲಿ ಅಂತಲೇ ಕೂರುವ ಗುಂಡಿಯ ಮುಂದಿನ ಗೋಡೆಯಲ್ಲಿ, ಡೆಕ್ಕಿನ ಅಂಚಿನ ಕೆಳಗೆ, ಉಸಿರಾಡುವ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಈ ದೋಣಿಯಲ್ಲಿ ಆ ತೂತು ಉಪ್ಪು ಮತ್ತು ಯಾರೋ ಹೊಡೆದ ಬಣ್ಣದಿಂದ ಪೂರ್ತಿ ಮುಚ್ಚಿತ್ತು. ನನ್ನ ಪ್ರಕಾರ ಉಳಿದ ಎಲ್ಲ ತೊಂದರೆಯೂ ಇಲ್ಲಿಂದಲೇ ಶುರು. ಸೂಜಿ ಹಾಕಿ ಬಿಡಿಸಿದೆವು.

ಇನ್ನು ಸೋರುವ ಜಾಗ ಹುಡುಕುವ ಕೆಲಸ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರೋಣವೇ ಅಂತ ಜೊತೆಗಿದ್ದ ಹುಡುಗ ಕೇಳಿದ. ಮೇಲಿನ ಲೆಕ್ಕ ಗೊತ್ತಿದ್ದವರು ಅದನ್ನು ಮುಟ್ಟುವುದಿಲ್ಲ. ಬಿರಡೆಯ ತೂತಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾಯಿಂದ ಊದಿದರೂ ಸಾಕು. ನಾವು ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಹೊರಬರುವ ಬಾಯಿಗೆ ಪೈಪ್ ಹಾಕಿದೆವು, ಅದೂ ಕೊಳವೆಯನ್ನು ಬಿಗಿಯಾಗಿ ಒತ್ತದೆ, ಸಡಿಲವಾಗಿ ಹಿಡಿದುಕೊಂಡು. ಉಸಿರಾಟದ ತೂತಿಗೆ ತಾತ್ಕಾಲಿಕವಾಗಿ ಟೇಪ್ ಹಚ್ಚಿದೆವು. ಆಮೇಲೆ ಸೋಪಿನ ನೀರನ್ನು ಬ್ರಶ್‌ನಿಂದ ಎಲ್ಲ ಜೋಡಣೆಗಳ ಮೇಲೂ ಬಳಿದೆವು. ಅಂಚಿನ ಜೋಡಣೆ ಹೆಚ್ಚುಕಡಿಮೆ ಪೂರ್ತಿ ಗಟ್ಟಿಯಾಗಿತ್ತು, ಮುಂಭಾಗದ ಬಲಕ್ಕೆ ಗೇಣುದ್ದ ಮಾತ್ರ ನೊರೆ ಎದ್ದಿತು. ಚುಕ್ಕಾಣಿ ತೂಗುಹಾಕುವ ಕಬ್ಬಿಣದ ಸ್ಕ್ರೂಗಳ ಸುತ್ತ ಗುಳ್ಳೆ ಬಂತು. ಜಾಸ್ತಿ ಬಂದದ್ದು ಹಾಯಿಕಂಬ ನಿಲ್ಲಿಸುವ ಕೊಳವೆಯ ತಳದಿಂದ.

ಆ ಕೊಳವೆಯನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಈ ಜಾತಿಯ ದೋಣಿಯಲ್ಲಿ ಕಂಬವನ್ನು ಎಳೆದು ಕಟ್ಟುವ ತಂತಿಗಳೇ ಇಲ್ಲ. ಗಾಳಿ ಹಾಯಿಗೆ ಬಡಿದಾಗ ಅದರ ಪೂರ್ತಿ ಜೋರು ಈ ಒಂದು ಕೊಳವೆಯ ಮೇಲೆ, ಅದರ ಬುಡದ ಮೇಲೆ. ಸಾಲದ್ದಕ್ಕೆ ಕಂಬದ ಜೊತೆ ದಂಡೆಯ ಮರಳು ಒಳಗೆ ಬೀಳುತ್ತದೆ. ಕಂಬ ತಿರುಗಿದಾಗಲೆಲ್ಲ ಮರಳು ತಳವನ್ನು ತೇಯುತ್ತದೆ. ಕೊಳವೆ ತುಂಬ ನೀರು ಹಾಕಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ರಾತ್ರಿ ಬಿಟ್ಟೆವು. ಬೆಳಗ್ಗೆ ಗೆರೆಯಿಂದ ನಾಲ್ಕು ಬೆರಳು ಕೆಳಗಿಳಿದಿತ್ತು. ಆ ನೀರು ಹೋಗಿದ್ದು ಒಡಲಿನೊಳಕ್ಕೇ.

ಡೆಕ್ ಮೇಲೆ ಐದು ರೂಪಾಯಿ ನಾಣ್ಯ ಹಿಡಿದು ತಟ್ಟುತ್ತಾ ಹೋದೆವು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ನೀರು ಅಥವಾ ಬಿರುಕು ಇದ್ದಲ್ಲಿ ಸದ್ದು ಮಂದ. ಮಂದ ಸದ್ದಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಎರಡು ಕಡೆ ಸಿಕ್ಕವು. ಒಂದು ಕಂಬದ ಕೊಳವೆಯ ಸುತ್ತ, ಅಲ್ಲಿ ಮೇಲಿನ ಪದರ ಇನ್ನೂ ಫೋಮಿಗೆ ಅಂಟಿಕೊಂಡೇ ಇತ್ತು. ಇನ್ನೊಂದು ನಡೆಸುವವರು ಕೂರುವ ಎಡಬದಿ, ಅಲ್ಲಿ ಕೈಯಿಂದ ಒತ್ತಿದರೆ ಪದರ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಎರಡಕ್ಕೂ ಮದ್ದು ಬೇರೆ.

ಒಳಗೆ ಕೈ ಹಾಕದೆ ಮುಂದಕ್ಕೆ ಹೋಗುವಂತಿಲ್ಲ. ಕಂಬದ ಕೊಳವೆಯ ಹತ್ತಿರ ಒಂದು, ಹಿಂಭಾಗದಲ್ಲಿ ಒಂದು, ಆರು ಇಂಚಿನ ತೂತು ಕೊರೆದೆವು. ಆಮೇಲೆ ತಿರುಗಿಸುವ ಮುಚ್ಚಳ ಕೂರಿಸುವ ಲೆಕ್ಕ ಇಟ್ಟುಕೊಂಡೇ ಅಳತೆ ತೆಗೆದದ್ದು. ಗುಂಡಗೆ ಕೊರೆಯುವುದು ಮುಖ್ಯ, ಮೂಲೆ ಇದ್ದರೆ ಅಲ್ಲಿಂದ ಬಿರುಕು ಓಡುತ್ತದೆ. ಒಳಗೆ ಟಾರ್ಚ್ ಬಿಟ್ಟರೆ ತೇಲಲು ಇಟ್ಟ ಹಳೇ ಫೋಮ್ ಬ್ಲಾಕುಗಳು ಕಂಡವು. ಹ್ಯಾಕ್ಸಾ ಬ್ಲೇಡಿನಿಂದ ತುಂಡು ಮಾಡಿ ಒಂದೊಂದೇ ಹೊರತೆಗೆದೆವು. ಹಿಂಡಿದರೆ ನೀರು ಸುರಿಯಿತು. ಬ್ಲಾಕುಗಳನ್ನೆಲ್ಲ ತೂಗಿದರೆ ಏಳು ಕೆಜಿ ಹತ್ತಿರ. ಹುಡುಕುತ್ತಿದ್ದ ನೀರಿನ ಅರ್ಧ ಇಲ್ಲೇ ಕೂತಿತ್ತು. ಅದನ್ನು ಒಣಗಿಸಿ ಮತ್ತೆ ಹಾಕುವ ಯೋಚನೆ ನನಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ವರ್ಷ ನೀರು ಕುಡಿದ ಫೋಮ್ ಮತ್ತೆ ಕುಡಿಯುತ್ತದೆ. ಅದರ ಬದಲು ಮಡಚುವ ಪ್ಲಾಸ್ಟಿಕ್ ಕ್ಯಾನುಗಳನ್ನು ಒಳಗೆ ತೂರಿಸಿ, ಆಮೇಲೆ ಗಾಳಿ ತುಂಬಿ ಮುಚ್ಚಳ ಬಿಗಿಯಬಹುದು. ಗಾಳಿಯನ್ನು ಪೂರ್ತಿ ಬಿಗಿಯಾಗಿ ತುಂಬಬಾರದು, ಬಿಸಿಲಿಗೆ ಹಿಗ್ಗಲು ಜಾಗ ಬಿಡಬೇಕು.

ಒಣಗಿಸುವ ಮುಂಚೆ ಒಳಗೆಲ್ಲ ಸಿಹಿನೀರಿನಿಂದ ತೊಳೆಯಬೇಕು. ಒಣಗಿಸೋಕೆ ಬಂದದ್ದಕ್ಕೆ ಮತ್ತೆ ನೀರು ಹಾಕುವುದಾ ಅಂತ ಯಾರಿಗಾದರೂ ಅನಿಸುತ್ತದೆ. ಸಮುದ್ರದ ನೀರು ಆರಿದರೂ ಉಪ್ಪು ಉಳಿಯುತ್ತದೆ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪೇ ಗಾಳಿಯಿಂದ ನೀರು ಎಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಶಿಯಂ ಕ್ಲೋರೈಡ್ ಇನ್ನೂ ಕಡಿಮೆ ತೇವದಲ್ಲೇ ಆ ಕೆಲಸ ಮಾಡುತ್ತದೆ. ಇಲ್ಲಿ ಒಣಗಿಸಿ ಉಪ್ಪು ಒಳಗೇ ಬಿಟ್ಟು ಕಳಿಸಿದರೆ ಕಾರವಾರದ ಗಾಳಿಯಲ್ಲಿ ಒಡಲು ಮತ್ತೆ ಒದ್ದೆ. ನಮ್ಮ ಶೆಡ್ಡಿನ ಬೋರ್ ನೀರು ಗಡಸು, ಅದನ್ನು ಮೊದಲ ತೊಳೆತಕ್ಕೆ ಮಾತ್ರ ಬಳಸಿದೆವು. ಕೊನೆಯ ತೊಳೆತಕ್ಕೆ ಮಲಪ್ರಭಾ ನೀರು ಬಂದ ದಿನ ಹಿಡಿದಿಟ್ಟ ಡ್ರಮ್ ಖಾಲಿ ಮಾಡಿದೆವು. ಬಿರಡೆಯಿಂದ ಬರುವ ನೀರನ್ನು ನಾಲಿಗೆ ತುದಿಗೆ ಹಚ್ಚಿ ನೋಡಿದೆ, ಉಪ್ಪು ಗೊತ್ತಾಗದಷ್ಟು ಆದ ಮೇಲೆ ನಿಲ್ಲಿಸಿದೆವು.

ಒಣಗಿಸುವುದು ಅಂದರೆ ಬಿಸಿ ಮಾಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹೀಟ್ ಗನ್ ಹಿಡಿದರೆ ಫೈಬರ್ ಎಳೆಗಳನ್ನು ಹಿಡಿದಿಡುವ ರೆಸಿನ್ ಮೆತ್ತಗಾಗುತ್ತದೆ, ಪದರದ ನಡುವಿನ ನೀರು ಆವಿಯಾಗಿ ಪದರವನ್ನೇ ಎಬ್ಬಿಸುತ್ತದೆ. ಕಪ್ಪು ತಾಡಪತ್ರಿ ಹೊದಿಸಿ ಬಿಸಿಲಿಗೆ ಬಿಟ್ಟರೂ ಅಷ್ಟೇ ಅಪಾಯ. ಬೇಕಾದದ್ದು ಒಣ ಗಾಳಿಯ ಓಡಾಟ. ದೋಣಿಯನ್ನು ನೆರಳಲ್ಲಿ, ಹಿಂಭಾಗ ತಗ್ಗಾಗಿ ಇಟ್ಟು, ಮುಂದಿನ ತೂತಿಗೆ ಸಣ್ಣ ಬ್ಲೋವರ್ ಕೂರಿಸಿದೆವು. ಗಾಳಿ ಒಡಲೊಳಗೆ ಹಾದು ಹಿಂದಿನ ತೂತಿನಿಂದ ಹೊರಗೆ. ಬೆಳಗ್ಗೆ ಇಬ್ಬನಿ ತೇವ ಆರಿದ ಮೇಲೆ ಶುರು, ಸಂಜೆ ಪಡುವಣ ಗಾಳಿ ಬೀಸುವ ಮೊದಲು ಬಂದ್. ಆ ಗಾಳಿ ಮೈಗೆ ಹಿತ, ಆದರೆ ಕಡಲ ಕಡೆಯಿಂದ ತೇವ ಹೊತ್ತು ತರುತ್ತದೆ. ರಾತ್ರಿ ತೂತುಗಳಿಗೆ ಪ್ಲಾಸ್ಟಿಕ್ ಕಟ್ಟಿ ಮುಚ್ಚುತ್ತಿದ್ದೆವು.

ಪ್ರತಿ ಸೋಮವಾರ ತೂಕ. ಮೊದಮೊದಲು ಬೇಗ ಇಳಿಯಿತು. ಫೋಮ್ ತೆಗೆದು 67 ಇದ್ದದ್ದು 65ಕ್ಕೆ ಬಂತು, ಆಮೇಲೆ 64. ಮುಟ್ಟಿ ನೋಡಿದರೆ ಒಳಗೆಲ್ಲ ಬೆಚ್ಚಗೆ, ಒಣ. ಹುಡುಗನಿಗೆ ಅವಸರ. "ಕಾಕಾ, ಒಣಗೇತಲ್ಲ, ಮುಚ್ಚಿಬಿಡೂಣು" ಅಂದ. ಕಾಟಾ ಕೊಟ್ಟ ವ್ಯಾಪಾರಿ ಬ್ಯಾಡಗಿ ಕಡೆಯವರು. ಅವರೇ ಉತ್ತರ ಕೊಟ್ಟರು: "ತಮ್ಮಾ, ಮೆಣಸಿನಕಾಯಿ ಮ್ಯಾಲೆ ಗರಿಗರಿ ಆಗಿರ್ತೈತಿ, ತೊಟ್ಟಿನ ಬುಡಕ್ಕ ಹಸಿ ಇರ್ತೈತಿ. ಅದನ್ನ ಚೀಲಕ್ಕ ತುಂಬಿದ್ರ ಬೂಷ್ಟು ಹಿಡೀತೈತಿ." ಡೆಕ್ಕಿನ ಫೋಮ್ ಪಕ್ಕದ ನೀರು ಹಾಗೇ ಇತ್ತು. ಪದರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಬಿಸಿಲು ಬೀಳುವಂತೆ ಬಿಟ್ಟು ನೋಡಿದೆವು. ಗಟ್ಟಿ ಜಾಗದಲ್ಲಿ ಏನೂ ಇಲ್ಲ. ಕೂರುವ ಎಡಬದಿಯ ತುಂಡಿನೊಳಗೆ ಸಣ್ಣ ಹನಿಗಳು ಕೂತಿದ್ದವು.

ಅಲ್ಲಿ ಮೇಲಿನ ಪದರವನ್ನು ಕತ್ತರಿಸಿ ತೆಗೆದೆವು. ತೆಗೆದ ಚರ್ಮ ಹಾಳಾಗದಂತೆ ಇಟ್ಟುಕೊಂಡರೆ ಡೆಕ್ಕಿನ ಜಾರದ ಗೆರೆಗಳು ಹಾಗೇ ಉಳಿಯುತ್ತವೆ, ಹೊಸದಾಗಿ ಮಾಡುವ ತಾಪತ್ರಯ ಇಲ್ಲ. ಕೆಳಗಿನ ಫೋಮ್ ತುಂಡುಗಳ ನಡುವಿನ ಸಂದಿಯಲ್ಲಿ ನೀರು ನಿಂತಿತ್ತು. ಕೆಡುಕು ವಾಸನೆ. ಉಳಿ ಹಿಡಿದು ಫೋಮ್ ಕೆತ್ತಿ, ಕೆಳಗಿನ ಪದರವನ್ನು ಒಣಗಲು ಬಿಟ್ಟೆವು.

ಕಂಬದ ಕೊಳವೆಯ ಸುತ್ತ ಮಾತ್ರ ಕತ್ತರಿಸಲು ಮನಸ್ಸಾಗಲಿಲ್ಲ. ಇಡೀ ದೋಣಿಯಲ್ಲಿ ಹೆಚ್ಚು ಭಾರ ಹೊರುವ ಜಾಗ ಅದು. ಪದರ ಅಂಟಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು. ಇಲ್ಲಿ ನೆರವಾದದ್ದು ಎಸಿ ರಿಪೇರಿ ಮಾಡುವ ಹುಡುಗನ ವ್ಯಾಕ್ಯೂಮ್ ಪಂಪ್. ಗ್ಯಾಸ್ ತುಂಬುವ ಮೊದಲು ಪೈಪಿನ ತೇವ ತೆಗೆಯೋಕೆ ಅವರು ಅದನ್ನು ಬಳಸುತ್ತಾರೆ. ನಮಗೆ ಬೇಕಾದದ್ದೂ ಅದೇ. ಮಂದ ಸದ್ದಿನ ಜಾಗದಲ್ಲಿ ಮೇಲಿನ ಪದರಕ್ಕೆ ಮಾತ್ರ ಸಣ್ಣ ತೂತುಗಳನ್ನು ಸಾಲಾಗಿ ಕೊರೆದೆವು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಂಡಿದ್ದೆವು, ಕೆಳಗಿನ ಪದರ ತೂತಾದರೆ ವ್ಯಾಕ್ಯೂಮ್ ನಿಲ್ಲುವುದೇ ಇಲ್ಲ. ಮೇಲೆ ಹಳೇ ಹತ್ತಿ ಚಾದರ, ಅದರ ಮೇಲೆ ತೋಟಕ್ಕೆ ಕಟ್ಟುವ ಶೇಡ್‌ನೆಟ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್. ಅಂಚಿಗೆಲ್ಲ ಗಾಳಿ ಬಿಡದ ಮೆತ್ತನೆ ಅಂಟಿನ ಬ್ಯೂಟೈಲ್ ಟೇಪ್. ಪಂಪಿಗೂ ಪ್ಲಾಸ್ಟಿಕ್ಕಿಗೂ ನಡುವೆ ಒಂದು ಗಟ್ಟಿ ಬಾಟಲಿ, ಎಳೆದು ಬಂದ ನೀರು ಪಂಪಿನ ಎಣ್ಣೆಗೆ ಸೇರಬಾರದಲ್ವಾ.

ಪಂಪ್ ಎಷ್ಟು ಗಾಳಿ ಎಳೆದಿದೆ ಅಂತ ಪಾದರಸದ ಇಂಚಿನ ಲೆಕ್ಕದಲ್ಲಿ ತೋರಿಸುವ ಮೀಟರ್ 26 ಇಂಚು ದಾಟಿತು. ಕರಾವಳಿಯಲ್ಲಿ ಈ ಮೀಟರ್ ಹೆಚ್ಚೆಂದರೆ 30ರ ಹತ್ತಿರ ಹೋಗುತ್ತದೆ. ಹುಬ್ಬಳ್ಳಿಯ ಎತ್ತರದಲ್ಲಿ 28ಕ್ಕೆ ಕಮ್ಮಿಯೇ, ಇಲ್ಲಿ ತೆಗೆಯೋಕೆ ಅಷ್ಟೇ ಗಾಳಿ ಇರುವುದು. 26 ದಾಟಿದರೆ 40 ಡಿಗ್ರಿ ಬಿಸಿಗೇ ನೀರು ಕುದಿಯುತ್ತದೆ. ಮಾರ್ಚ್ ಮಧ್ಯಾಹ್ನದ ಬಿಸಿಲಿಗೆ ಡೆಕ್ ಅಷ್ಟು ಬಿಸಿ ತಾನಾಗಿ ಆಗುತ್ತದೆ. ಮೊದಲು ಬಾಟಲಿಯಲ್ಲಿ ಹನಿ, ಆಮೇಲೆ ಕಂದು ನೀರು. ದಿನವೂ ಮಧ್ಯಾಹ್ನ ಓಡಿಸಿ, ಬಾಟಲಿ ಒಣಗಿಯೇ ಉಳಿಯುವವರೆಗೆ ಬಿಡಲಿಲ್ಲ. ತೂಕ 61ಕ್ಕೆ ಬಂದು ಸೋಮವಾರದಿಂದ ಸೋಮವಾರಕ್ಕೆ ಅಲ್ಲಾಡದೆ ನಿಂತಿತು. ಮುಚ್ಚುವ ಮಾತು ಆಗ ಮಾತ್ರ.

ಮುಚ್ಚುವುದಕ್ಕೆ ಎಪಾಕ್ಸಿ ಅನ್ನುವ ರೆಸಿನ್. ನೀರಿನ ಟ್ಯಾಂಕು, ಬಸ್ಸಿನ ಬಂಪರ್ ಮಾಡುವಾಗ ನಮ್ಮದೆಲ್ಲ ಪಾಲಿಯೆಸ್ಟರ್ ರೆಸಿನ್, ಅದನ್ನು ಬೇಗ ಗಟ್ಟಿಯಾಗಿಸುವ ಕೋಬಾಲ್ಟ್ ದ್ರಾವಣ, ಗಟ್ಟಿ ಮಾಡುವ ಎಂಇಕೆಪಿ ಹಾರ್ಡ್‌ನರ್. ಹೊಸ ಕೆಲಸಕ್ಕೆ ಅದು ಸರಿ. ಹಳೇ ಫೈಬರ್ ಮೇಲೆ ಹಿಡಿತ ಎಪಾಕ್ಸಿಗೇ ಜಾಸ್ತಿ. ಎಪಾಕ್ಸಿ ಜೊತೆ ನಾವು ದಿನಾ ಬಳಸುವ ಚಾಪೆಯಂಥ ಮ್ಯಾಟ್ ಹಾಕಬಾರದು. ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ದ್ರವಕ್ಕೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ನೇಯ್ದ ಗ್ಲಾಸ್ ಕ್ಲಾತ್ ಬೇಕು. ಪಾಲಿಯೆಸ್ಟರ್ ಬಳಸುವವರಿಗೆ ಒಂದು ಮಾತು: ಕೋಬಾಲ್ಟನ್ನೂ ಎಂಇಕೆಪಿಯನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ, ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಡಲೂ ಬೇಡಿ. ಬೆರೆತರೆ ಸಿಡಿಯುತ್ತದೆ, ಬೆಂಕಿ ಹತ್ತುತ್ತದೆ. ಮೊದಲು ಕೋಬಾಲ್ಟ್ ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಹೊಸ ಹುಡುಗರಿಗೆ ಮೊದಲ ದಿನವೇ ನಾನು ಹೇಳುವುದು ಇದನ್ನು.

ಎಡಬದಿಯಲ್ಲಿ ಅದೇ ದಪ್ಪದ ಪಿವಿಸಿ ಫೋಮ್ ಶೀಟ್ ಕತ್ತರಿಸಿ, ಮಂದವಾಗಿ ಕಲಸಿದ ಎಪಾಕ್ಸಿಯಲ್ಲಿ ಕೂರಿಸಿದೆವು. ಸಂದಿಗಳಲ್ಲೂ ತುಂಬಿದೆವು, ನೀರು ಓಡಾಡುವ ಕಾಲುವೆ ಅಲ್ಲಿ ಮತ್ತೆ ಉಳಿಯಬಾರದು. ಎತ್ತಿಟ್ಟ ಚರ್ಮವನ್ನು ಮೇಲೆ ಅಂಟಿಸಿ, ಮರಳಿನ ಚೀಲ ಹೇರಿದೆವು. ಕತ್ತರಿಸಿದ ಗೆರೆಯ ಎರಡೂ ಬದಿಗೆ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು. ಪದರ 2 ಮಿಲಿಮೀಟರ್ ಇದ್ದರೆ ಇಳಿಜಾರು 24. ಆ ಇಳಿಜಾರಿನ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಗ್ಲಾಸ್ ಕ್ಲಾತ್ ಪಟ್ಟಿಗಳು. ಗ್ರೈಂಡ್ ಮಾಡುವಾಗ ಸರಿಯಾದ ಮಾಸ್ಕ್ ಹಾಕಿ, ಬಾಯಿಗೆ ಟವೆಲ್ ಕಟ್ಟಿದರೆ ಸಾಲದು. ಗಾಜಿನ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ತೆಗೆಯುವ ಪಂಪ್ ಇಲ್ಲ.

ಏಪ್ರಿಲ್ ಬಂದಾಗಿತ್ತು. ಆ ಬಿಸಿಗೆ ಡಬ್ಬಿಯಲ್ಲಿ ಕಲಸಿಟ್ಟ ಎಪಾಕ್ಸಿ ಬೇಗ ಕಾದು ಗಟ್ಟಿಯಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಕೆಲಸ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಗೆ ಸುರಿದುಕೊಂಡೆವು. ಕಂಬದ ಕೊಳವೆಯ ಬುಡಕ್ಕೆ ಒಳಗಿನಿಂದ, ಹೊಸ ತೂತಿನ ಮೂಲಕ ಕೈ ತೂರಿಸಿ ಸುತ್ತಲೂ ಎಪಾಕ್ಸಿಯ ಕಟ್ಟೆ ಕಟ್ಟಿ, ಮೇಲೆ ಗ್ಲಾಸ್ ಕ್ಲಾತ್ ಹಚ್ಚಿದೆವು. ಕೊಳವೆಯ ಒಳಗಿನ ತಳವನ್ನು ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಎಪಾಕ್ಸಿ ಸುರಿದು ಹೊಸ ತಳ ಮಾಡಿದೆವು. ವ್ಯಾಕ್ಯೂಮ್‌ಗೆ ಕೊರೆದ ತೂತುಗಳಿಗೆ ಸಿರಿಂಜಿನಿಂದ ಎಪಾಕ್ಸಿ. ಚುಕ್ಕಾಣಿಯ ಸ್ಕ್ರೂ ಹಿಂದಿನ ಮರದ ತುಂಡು ಕೊಳೆತಿತ್ತು, ಬದಲಾಯಿಸಿದೆವು. ಅಂಚಿನ ಗೇಣುದ್ದದ ಸಂದಿಗೆ ಎಪಾಕ್ಸಿ ತುಂಬಿ ಕ್ಲಾಂಪ್ ಹಾಕಿದ್ದು ಬಿಟ್ಟರೆ ಅಲ್ಲಿ ಬೇರೆ ಕೆಲಸ ಇರಲಿಲ್ಲ. ನಡುವೆ ಒಂದು ಸಂಜೆ ಅಡ್ಡಮಳೆ ಬಿತ್ತು. ಶೆಡ್ಡಿನ ಒಳಗಿದ್ದದ್ದಕ್ಕೆ ಬಚಾವು.

ಕೊನೆಗೆ ಮತ್ತೆ ಸೋಪಿನ ನೀರು, ಮತ್ತೆ ಸಡಿಲ ಗಾಳಿ. ಎಲ್ಲೂ ಗುಳ್ಳೆ ಏಳಲಿಲ್ಲ. ಕೊಳವೆಯಲ್ಲಿ ತುಂಬಿಟ್ಟ ನೀರು ಬೆಳಗ್ಗೆ ಗೆರೆಯಲ್ಲೇ ಇತ್ತು. ಎರಡು ಮುಚ್ಚಳ, ಹೊಸ ಕ್ಯಾನು, ಬಣ್ಣ ಎಲ್ಲ ಸೇರಿ ತೂಕ 63. ರೇಸಿಗೆ ಇದು ಸ್ವಲ್ಪ ಭಾರ, ಕಾಳಿ ನದಿಯ ಅಳಿವೆಯಲ್ಲಿ ಮಕ್ಕಳಿಗೆ ಹಾಯಿ ಕಲಿಸೋಕೆ ಏನೂ ತೊಂದರೆ ಇಲ್ಲ.

ಮಾಲೀಕರಿಗೆ ಹೇಳಿ ಕಳಿಸಿದ್ದು ಇಷ್ಟು. ಘಾಟ್ ಇಳಿಯುವಾಗಲೂ ಬಿರಡೆ ತೆಗೆದಿರಲಿ, ಈ ಸಲ ಹೊರಗಿನ ಒತ್ತಡ ಜಾಸ್ತಿಯಾಗಿ ಡೆಕ್ಕನ್ನು ಒಳಕ್ಕೆ ಒತ್ತುತ್ತದೆ. ದಂಡೆಗೆ ಎಳೆದ ಕೂಡಲೇ ಬಿರಡೆ ತೆಗೆಯಬೇಕು. ಕಂಬ ಇಳಿಸುವ ಮುಂಚೆ ಅದರ ಬುಡಕ್ಕೂ ಕೊಳವೆಗೂ ಒಂದು ಚೊಂಬು ಸಿಹಿನೀರು ಹಾಕಿ ಮರಳು ತೆಗೆಯಬೇಕು. ಮಳೆಗಾಲ ಪೂರ್ತಿ ಮುಚ್ಚಳ ತೆರೆದು, ಸೂರಿನಡಿ ಬೋರಲು ಹಾಕಿ ಇಡಬೇಕು. ರಿಪೇರಿ ಆದ ಜಾಗದಲ್ಲಿ ಬಣ್ಣ ಕಿತ್ತರೆ ಜೆಲ್‌ಕೋಟ್, ಅಂದರೆ ಫೈಬರ್ ಮೇಲೆ ಹೊರಪದರವಾಗಿ ಹಚ್ಚುವ ಬಣ್ಣದ ರೆಸಿನ್, ಹಚ್ಚಬಾರದು, ಎಪಾಕ್ಸಿ ಮೇಲೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಲ್ಲಿ ನಾವು ಹೊಡೆದದ್ದು ಕಾರಿಗೆ ಹೊಡೆಯುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಪೇಂಟ್. ಉಳಿದದ್ದನ್ನು ಹಾರ್ಡ್‌ನರ್ ಜೊತೆ ದೋಣಿಯೊಂದಿಗೇ ಕಳಿಸಿದ್ದೇನೆ.